ಬಿಸಿಲಿಗೆ ನಿಂತ ಕಾರು

"ಈ ಬಂಪರಿಗೆ ಯಾರಾದ್ರೂ ಬೂದಿ ಬಳಿದಿದಾರಾ?"

ಟೈಂಕೀಪರ್ ಕೇಳಿದಾಗ ಅಂಗಳದಲ್ಲಿ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆದರೂ ಪ್ರಶ್ನೆ ಹೋಗಿ ಬೀಳಬೇಕಾದ ಕಡೆಗೇ ಹೋಗಿ ಬಿತ್ತು. ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುತ್ತಿದ್ದ ಸೊಸೆ ಒಂದು ಗಳಿಗೆ ಕೈ ತಡೆದಳು, ಮತ್ತೆ ಒಡೆದಳು. ಒಲೆಯ ಮುಂದಿದ್ದ ಅತ್ತೆ, ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದ ಪದ್ಯವನ್ನು ಅರ್ಧ ಸಾಲಿಗೆ ನಿಲ್ಲಿಸಿ, ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಂಡರು.

ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಬೀದಿಯವರು ಮಾತ್ರ ಇನ್ನೂ ಹಾಗೆಯೇ ಕರೆಯುತ್ತಿದ್ದರು. ಕೆಲಸದಲ್ಲಿದ್ದಾಗಲೇ ಕೊಂಡ ಬಿಳಿ ಕಾರು ಅವರದು. ಮನೆಯ ಮಗ್ಗುಲಿಗೆ ತಗಡಿನ ಶೆಡ್ಡು ಕಟ್ಟಿಸಿ, ಕಾರನ್ನು ಅದರಲ್ಲಿ ನೆರಳಿಗಿಟ್ಟು, ದಿನಾ ಒರೆಸುತ್ತಿದ್ದರು. ಮಗನ ಮದುವೆಯಾದಾಗ ಮನೆಯಲ್ಲಿ ಇನ್ನೊಂದು ಕೋಣೆ ಇರಲಿಲ್ಲ. ಶೆಡ್ಡಿಗೆ ಗೋಡೆ ಎದ್ದು, ಕಿಟಕಿ ಬಂದು, ಮಂಚ ಬಂತು. ಕಾರು ಅಂಗಳಕ್ಕೆ ಬಂದು ಬಿಸಿಲಿಗೆ ನಿಂತಿತು.

ಬಿಳಿ ಬಣ್ಣ ಹೇಗೋ ತಡೆದುಕೊಂಡಿತು. ಕಪ್ಪು ಪ್ಲಾಸ್ಟಿಕ್ಕು ತಡೆಯಲಿಲ್ಲ. ಹಿಂದುಮುಂದಿನ ಬಂಪರು, ಬಾಗಿಲುಗಳ ಮೇಲಿನ ಉದ್ದ ಪಟ್ಟಿ, ಕನ್ನಡಿಗಳ ಬೆನ್ನು, ಮುಂಗಾಜಿನ ಕೆಳಗೆ ವೈಪರ್ ಕೂರುವ ಜಾಗ, ಎಲ್ಲವೂ ಮೊದಲು ಮಾಸಿ, ಆಮೇಲೆ ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಮುಟ್ಟಿದರೆ ಬೆರಳಿಗೆ ಹತ್ತುವಂಥ ಪುಡಿಯಾದವು. ಟೈಂಕೀಪರ್ ಭಾನುವಾರಗಳಂದು ಅಡುಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಮಧ್ಯಾಹ್ನದವರೆಗೆ ಕರ್ರಗೆ ಮಿಂಚುತ್ತಿತ್ತು. ಸಂಜೆಗೆ ಬೀದಿಯ ಧೂಳೆಲ್ಲ ಅದರ ಮೇಲೆ ಕೂತು, ಬಂಪರಿಗೆ ರೋಮ ಬಂದ ಹಾಗೆ ಕಾಣುತ್ತಿತ್ತು. ಒಮ್ಮೆ ಬೂಟು ಪಾಲಿಶ್ ಬಳಿದರು. ಮೊದಲ ಮಳೆಗೆ ಅದು ಬಿಳಿ ಬಾಗಿಲ ಮೇಲೆಲ್ಲ ಇಳಿದು, ಕಾರು ಕಾಡಿಗೆ ಹಚ್ಚಿಕೊಂಡು ಅತ್ತ ಹಾಗೆ ನಿಂತಿತ್ತು. ಆವತ್ತು ಅವರು ಗಾಳಿಗೆ ಹೇಳಿದ ಮಾತು ಇದು: "ಕಾರಿನ ನೆರಳನ್ನೇ ತಿಂದುಬಿಟ್ಟವರಿಗೆ ಬಂಪರಿನ ಚಿಂತೆ ಯಾಕೆ ಇರುತ್ತೆ?"

ಸೊಸೆಯ ಜೊತೆ ಅವರು ಮಾತಾಡುತ್ತಿರಲಿಲ್ಲ. ಬುಕ್ ಬೈಂಡಿಂಗ್ ಮಾಡುವ ಮಗ, ತನ್ನ ಪ್ರೆಸ್ಸಿನ ಎದುರಿನ ಕಾರು ತೊಳೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ತಾನೇ ಮೆಚ್ಚಿ ಮದುವೆಯಾಗಿದ್ದ. "ಕಾರು ತೊಳೆಯೋಳ ಹತ್ರ ನನಗೇನು ಮಾತು" ಎಂದು ಟೈಂಕೀಪರ್ ಆಗ ಅಂದಿದ್ದರು. ಕೋಪ ಯಾವಾಗಲೋ ಇಳಿದಿತ್ತು. ಮಾತಾಡದಿರುವುದು ಮಾತ್ರ ಚಟದ ಹಾಗೆ ಉಳಿದುಕೊಂಡಿತ್ತು. ಸೊಸೆ ಕೈಯಳತೆಯಲ್ಲಿ ನಿಂತು ಬಡಿಸುತ್ತಿದ್ದರೂ ಅವರು ಹೆಂಡತಿಯ ಕಡೆ ತಿರುಗಿ, "ಉಪ್ಪು ಕಡಿಮೆ. ಹೇಳು ಅವಳಿಗೆ" ಅನ್ನುತ್ತಿದ್ದರು. ಅತ್ತೆ ಸೊಸೆಯ ಕಡೆ ತಿರುಗಿ, "ಉಪ್ಪು ಕಡಿಮೆ ಅಂತೆ ಕಣೆ" ಅನ್ನುತ್ತಿದ್ದರು. "ಹಾಕ್ತೀನಿ ಅಂತ ಹೇಳಿ ಅತ್ತೆ" ಎಂಬ ಉತ್ತರ ಅದೇ ದಾರಿಯಲ್ಲಿ ವಾಪಸ್ಸು ಹೋಗುತ್ತಿತ್ತು. ನಮ್ಮನೇಲಿ ಅಮ್ಮನೇ ಟೆಲಿಫೋನ್ ಎಕ್ಸ್‌ಚೇಂಜು, ಅವಳಿಗೆ ಜ್ವರ ಬಂದರೆ ಊರೆಲ್ಲ ಲೈನು ಕಟ್ ಎಂದು ಮಗ ನಗಾಡುತ್ತಿದ್ದ. ಉಳಿದವರಿಗೂ ಆಗೀಗ ನಗು ಬರುತ್ತಿತ್ತು.

ಅತ್ತೆಗೆ ಸೊಸೆ ಯಾವತ್ತೂ ಇಲ್ಲ ಅಂದವಳಲ್ಲ. ಹೊಟ್ಟೆಯಲ್ಲಿದ್ದ ಮಗು ಉಳಿಯದೆ ಹೋದಾಗ ಅವಳ ಬಟ್ಟೆ ಒಗೆದವರು, ತುತ್ತು ಮಾಡಿ ತಿನ್ನಿಸಿದವರು, ಮಂಚದ ಪಕ್ಕ ನೆಲದ ಮೇಲೆ ಮಲಗಿ ಅವಳಿಗೆ ನಿದ್ದೆ ಹತ್ತುವವರೆಗೆ ಸಣ್ಣ ದನಿಯಲ್ಲಿ ಪದ್ಯ ಹೇಳಿದವರು ಅತ್ತೆ. ಆಮೇಲೆ ಅತ್ತೆ ಏನು ಕೇಳಿದರೂ ಅವಳು ಎದ್ದೇಳುತ್ತಿದ್ದಳು. ಕೇಳುವುದಕ್ಕೆ ಮೊದಲೇ ಎದ್ದದ್ದೂ ಉಂಟು.

ಟೈಂಕೀಪರ್ ಬೂದಿಯ ಮಾತೆತ್ತಿದ ಆ ದಿನ ಸಂಜೆ ಸೊಸೆ ಕೆಲಸದಿಂದ ಬರುವಾಗಲೇ ಏನೋ ಹೇಳಬೇಕೆಂದುಕೊಂಡು ಬಂದಿದ್ದಳು. ಊಟಕ್ಕೆ ಕೂತ ಮೇಲೆ, ಅತ್ತೆಯ ಕಡೆ ನೋಡುತ್ತ ಹೇಳಿದಳು. ಅಂಗಡಿ ಯಜಮಾನ ಹೊಸದೊಂದು ಕೆಲಸ ಶುರು ಮಾಡುತ್ತಿದ್ದಾನೆ. ಆಫೀಸುಗಳ ಮುಂದೆ ದಿನವಿಡೀ ನಿಂತಿರುವ ಕಾರುಗಳಿಗೆ, ನಿಂತಲ್ಲಿಗೇ ಹೋಗಿ ಪ್ಲಾಸ್ಟಿಕ್ಕು ಕಪ್ಪು ಮಾಡಿಕೊಡುವುದು. ಅಂಗಡಿಯಲ್ಲಿ ಆ ಕೆಲಸ ಅವಳಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ. ಆದರೆ ನೀರಿನ ಡ್ರಮ್ಮು, ಬಿಸಿಗಾಳಿ ಗನ್ನು, ಬಾಟಲಿಗಳು, ಬಟ್ಟೆಗಳು, ಇವನ್ನೆಲ್ಲ ಹೊತ್ತೊಯ್ಯಲು ಗಾಡಿ ಬೇಕು. ಈ ತಿಂಗಳ ಕೊನೆಯೊಳಗೆ ಗಾಡಿ ತಂದರೆ ಕೆಲಸ ಅವಳದು. ಇಲ್ಲದಿದ್ದರೆ ಸ್ಕೂಟರಿಗೆ ಡಬ್ಬಿ ಕಟ್ಟಿಕೊಂಡು ಬರುತ್ತೇನೆ ಅನ್ನುವವನೊಬ್ಬ ಕಾದಿದ್ದಾನೆ.

"ದಿನಾ ಚಕ್ರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೂತು ನನ್ನ ಮಂಡಿ ಹೋಗಿದೆ ಅತ್ತೆ" ಅಂದಳು. "ಇದು ನಿಂತು ಮಾಡೋ ಕೆಲಸ."

ಮಗ ತಟ್ಟೆಯಿಂದ ತಲೆಯೆತ್ತದೆ, ನಮ್ಮ ಕಾರು ಸುಮ್ಮನೆ ನಿಂತಿದೆಯಲ್ಲ ಅಂದ. ಅಪ್ಪನ ಕಣ್ಣು ಮಂಜಾಗಿ, ಡಾಕ್ಟರು ಓಡಿಸಬೇಡಿ ಅಂದು ವರ್ಷದ ಮೇಲಾಗಿತ್ತು. ಇವಳಿಗೆ ಲೈಸೆನ್ಸ್ ಇತ್ತು, ದಿನವೂ ಗಿರಾಕಿಗಳ ಕಾರನ್ನು ಹಿಂದಕ್ಕೆ ಮುಂದಕ್ಕೆ ತೆಗೆದು ನಿಲ್ಲಿಸುವ ಅಭ್ಯಾಸವಿತ್ತು.

ಟೈಂಕೀಪರ್ ಅನ್ನಕ್ಕೆ ಸಾರು ಕಲಸಿದರು. ಒಂದು ತುತ್ತು ನುಂಗಿ, ನೀರು ಕುಡಿದು, ಹೆಂಡತಿಯ ಕಡೆ ತಿರುಗಿದರು.

"ಮೊದ್ಲು ಆ ಬೂದಿ ಹೋಗಿಸಿ ಕರ್ರಗೆ ಮಾಡ್ಲಿ. ಮಾಡಿದ್ರೆ ಅವಳೇ ಓಡಿಸ್ಕೊಂಡು ಹೋಗ್ಲಿ. ಹೇಳು ಅವಳಿಗೆ."

ಅತ್ತೆ ಸೊಸೆಯ ಕಡೆ ತಿರುಗಿ, ಒಂದು ಅಕ್ಷರ ಬಿಡದೆ ಹೇಳಿದರು. ಪದ್ಯ ಒಪ್ಪಿಸಿ ಬೆಳೆದವರು ಅವರು. ಅವರ ಬಾಯಲ್ಲಿ ಮಾತು ಬದಲಾಗುತ್ತಿರಲಿಲ್ಲ.

ವಾರದ ರಜೆಯ ದಿನ ಬೆಳಿಗ್ಗೆಯೇ ಸೊಸೆ ಸೀರೆಯನ್ನು ಎತ್ತಿ ಕಟ್ಟಿ, ಬಕೆಟ್ಟು ಹಿಡಿದು ಅಂಗಳಕ್ಕಿಳಿದಳು. ಮೊದಲ ದಿನವೆಲ್ಲ ಹೋದದ್ದು ಮಾವ ವರ್ಷಗಟ್ಟಲೆ ಕುಡಿಸಿದ್ದ ಎಣ್ಣೆ ತೆಗೆಯುವುದಕ್ಕೆ. ಸೋಪಿನ ನೀರು ಸುರಿದು ಬ್ರಷ್ಷಿನಿಂದ ತಿಕ್ಕಿದಷ್ಟೂ ಕಂದು ಬಣ್ಣದ ಜಿಡ್ಡು ಇಳಿಯುತ್ತಿತ್ತು. ಟೈಂಕೀಪರ್ ಕುರ್ಚಿ ಹಾಕಿಸಿಕೊಂಡು ಜಗಲಿಯ ಮೇಲೆ ಕೂತು ನೋಡಿದರು. ಅಡುಗೆಮನೆಯಲ್ಲಿ ಯಾರಿಗೂ ತೊಟ್ಟು ಎಣ್ಣೆ ಸಿಗುತ್ತಿರಲಿಲ್ಲ, ಎಲ್ಲ ಇಲ್ಲಿತ್ತು ನೋಡಿ ಎಂದು ಅತ್ತೆ ಬಾಗಿಲಲ್ಲಿ ನಿಂತು ಅಂದರು. ಟೈಂಕೀಪರ್ ಕೇಳಿಸದವರ ಹಾಗೆ ಬೀದಿಯ ಕಡೆ ನೋಡಿದರು.

ಮುಂದಿನ ರಜೆಗೆ ಅವಳು ಬಿಳಿ ಬಣ್ಣದ ಅಂಚಿಗೆಲ್ಲ ಕಾಗದದ ಟೇಪು ಅಂಟಿಸಿ, ನೀರಿನಲ್ಲಿ ನೆನೆಸಿದ ನಯವಾದ ಉಜ್ಜುಕಾಗದದಿಂದ ಪ್ಲಾಸ್ಟಿಕ್ಕನ್ನು ಉಜ್ಜತೊಡಗಿದಳು. ಸತ್ತ ಪದರ ಹಾಲಿನಂಥ ನೀರಾಗಿ ಕೆಳಗಿಳಿಯಿತು.

"ಹಾಗೆ ಉಜ್ಜಿದ್ರೆ ಗೀರು ಬೀಳಲ್ವಾ?" ಎಂದು ಟೈಂಕೀಪರ್ ಜಗಲಿಯ ಕಂಬವನ್ನು ಕೇಳಿದರು.

"ನೀರು ಇರೋವರೆಗೂ ಬೀಳಲ್ಲ" ಎಂದು ಸೊಸೆ ಬಂಪರಿಗೆ ಹೇಳಿದಳು.

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಗೆ ಎರಡೂ ಕೇಳಿಸಿದವು. ಅವರ ಕೈ ನಿಂತಿತು. ತಮ್ಮನ್ನು ದಾಟಿಕೊಂಡು ಈ ಮನೆಯಲ್ಲಿ ಒಂದು ಪ್ರಶ್ನೆ ಹೋಗಿ ಒಂದು ಉತ್ತರ ಬಂದದ್ದು ಅದೇ ಮೊದಲು. ಅವರು ಎದ್ದು ಚಹಾಕ್ಕಿಟ್ಟರು. ಎರಡು ಲೋಟ ತಂದು ಒಂದನ್ನು ಜಗಲಿಯ ಮೇಲೆ, ಒಂದನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಒಳಗೆ ಹೋದರು.

ಬಿಸಿಗಾಳಿ ಗನ್ನನ್ನು ಅವಳು ಯಜಮಾನನಿಂದ ಕೇಳಿ ತಂದಿದ್ದಳು. ಮನೆಯೊಳಗಿಂದ ವೈರು ಎಳೆದು, ಗನ್ನಿನ ಮೂತಿಯನ್ನು ಗೇಣು ದೂರ ಹಿಡಿದು, ಎಲ್ಲೂ ನಿಲ್ಲಿಸದೆ ಸಾಗಿಸುತ್ತ ಹೋದಳು. ಗಾಳಿ ಹಾದಲ್ಲೆಲ್ಲ ಬೂದು ಹಿಂಜರಿದು ಕಪ್ಪು ಎದ್ದು ಬಂತು. ಒಣಗಿದ ನೆಲದ ಮೇಲೆ ನೀರು ಹರಿದು ಹೋಗುವುದನ್ನು ನೋಡಿದ ಹಾಗಿತ್ತು. ಟೈಂಕೀಪರ್ ಕುರ್ಚಿ ಬಿಟ್ಟು ಕೆಳಗಿಳಿದು ಬಂದರು. ಅಂಗಳದ ಗೇಟಿನ ಹೊರಗೆ ಎದುರುಮನೆಯ ಟೈಲರು ನಿಂತ. ಇದೇನು ಇಸ್ತ್ರಿ ಮಾಡ್ತಿದೀಯಾ ತಾಯಿ ಎಂದು ಕೇಳಿದ. ಇಸ್ತ್ರಿನೇ, ಒಂದೇ ಕಡೆ ನಿಲ್ಲಿಸಿದರೆ ಸುಟ್ಟು ಹೋಗುತ್ತೆ ಅಂದಳು. ಇದನ್ನು ಮತ್ತೆ ಮತ್ತೆ ಮಾಡಲಾಗುವುದಿಲ್ಲ, ಒಂದೆರಡು ಸಲ ಆದಮೇಲೆ ಪ್ಲಾಸ್ಟಿಕ್ಕೇ ಗರಿಗರಿಯಾಗಿ ಬಿರಿಯುತ್ತೆ, ಅದಕ್ಕೇ ಮೇಲೆ ಔಷಧಿ ಹಚ್ಚಿ ಕಾಪಾಡಬೇಕು ಅಂತಲೂ ಹೇಳಿದಳು. ಅವಳು ಟೈಲರಿಗೆ ಹೇಳಿದ್ದನ್ನೆಲ್ಲ ಟೈಂಕೀಪರ್ ತಲೆಯಾಡಿಸುತ್ತ ಕೇಳಿಸಿಕೊಂಡರು.

ಕೊನೆಗೆ ಒಂದು ಶನಿವಾರ ರಜೆ ಹಾಕಿ, ಸ್ಪಂಜಿನಲ್ಲಿ ತೆಳ್ಳಗೆ ಔಷಧಿ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚಿದಳು. ಕೋಳಿ ಕೂರದ ಹಾಗೆ, ಬೀದಿಯ ಮಕ್ಕಳು ಮುಟ್ಟದ ಹಾಗೆ ಅತ್ತೆ ಸುತ್ತ ಕುರ್ಚಿಗಳನ್ನಿಟ್ಟು ಕಾವಲು ಕೂತರು. ಸಂಜೆ ಟೇಪು ಕಿತ್ತಾಗ ಬಿಳಿಯ ಪಕ್ಕದಲ್ಲಿ ಕಪ್ಪು, ಕಣ್ಣಿಗೆ ಕಾಡಿಗೆ ತೀಡಿದಷ್ಟು ನೇರವಾಗಿ ನಿಂತಿತ್ತು. ಬೀದಿಯವರು ಒಬ್ಬೊಬ್ಬರಾಗಿ ಬಂದು ನೋಡಿದರು. ಹೊಸದು ತಗೊಂಡ್ರಾ ಎಂದು ಹಾಲಿನವನು ಕೇಳಿದ್ದಕ್ಕೆ ಟೈಂಕೀಪರ್ ನಕ್ಕುಬಿಟ್ಟರು. ಸೊಸೆ ಯಜಮಾನನಿಗೆ ಫೋನು ಮಾಡಿ, ಗಾಡಿ ಆಯಿತು, ಸೋಮವಾರ ಡ್ರಮ್ಮು ತುಂಬಿಸಿಡಿ ಅಂದಳು.

ಅದೇ ಹೊತ್ತಿಗೆ ಟೈಂಕೀಪರ್ ಕೂಡ ಫೋನು ಮಾಡಿದ್ದರು. ಮದುವೆಯಾಗಿ ಹೋಗಿದ್ದ ಮಗಳಿಗೆ. ನಿಮ್ಮಪ್ಪನ ಕಾರು ನೋಡು ಬಾ ಅಂದಿದ್ದರು.

ಮಗಳು ಬಸುರಿ. ಮಾರನೆಯ ದಿನ ಭಾನುವಾರ ಬೆಳಿಗ್ಗೆ ಗಂಡನ ಜೊತೆ ಬಂದಳು. ಅಳಿಯ ಟೈಲ್ಸ್ ಅಂಗಡಿಯಲ್ಲಿ ಸೇಲ್ಸಿನವನು. ಯಾವ ವಸ್ತುವನ್ನು ಕಂಡರೂ ಬೆರಳಿನಿಂದ ತಟ್ಟಿ ನೋಡುವ ಅಭ್ಯಾಸ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಂಪರನ್ನು ತಟ್ಟಿ, ಪರವಾಗಿಲ್ಲ ಮಾವ ಅಂದ. ಊಟದ ಹೊತ್ತಿಗೆ, ಈ ಸ್ಥಿತಿಯಲ್ಲಿ ಇವಳನ್ನ ಬಸ್ಸಲ್ಲಿ ನಿಲ್ಲಿಸಿಕೊಂಡು ಆಸ್ಪತ್ರೆಗೆ ಹೋಗೋದು ನೋಡಕ್ಕಾಗಲ್ಲ ಎಂದು, ಬೇರೆಯವರ ಕಷ್ಟವನ್ನು ಹೇಳುವವನ ಹಾಗೆ ಹೇಳಿದ. ಮಗಳು ಸೊಂಟಕ್ಕೆ ಕೈ ಕೊಟ್ಟು ಎದ್ದಳು, ಅಷ್ಟೆ. ಟೈಂಕೀಪರ್ ಆ ಕೈಯನ್ನು ನೋಡಿದರು.

ಸೊಸೆ ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಕಾರು ಶುರುವಾದ ಸದ್ದು ಕೇಳಿಸಿತು. ಅವಳು ತಲೆಯೆತ್ತಿದಳು. ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು. ಹೆರಿಗೆ ಆಗೋವರೆಗೂ ಮಗಳ ಹತ್ತಿರ ಇರಲಿ ಅಂತ ಮಾವ ಕೊಟ್ಟರಂತೆ, ನಿನಗೆ ಹೇಳು ಅಂದರು ಎಂದರು. ಗೇಟು ತೆರೆದ ಸದ್ದು, ಬೀದಿಯ ತಿರುವಿನಲ್ಲಿ ಹಾರ್ನಿನ ಸದ್ದು, ಆಮೇಲೆ ಏನೂ ಇಲ್ಲ.

"ಅವಳೇ ಓಡಿಸ್ಕೊಂಡು ಹೋಗ್ಲಿ ಅಂತ ನೀವೇ ಹೇಳಿದ್ರಲ್ಲ ಅತ್ತೆ" ಅಂದಳು ಸೊಸೆ.

"ಹೌದು ಕಣೆ. ನಾನೇ ಹೇಳಿದೆ."

ರಾತ್ರಿಯ ಊಟಕ್ಕೆ ಕೂತಾಗ ಸೊಸೆ ಬಡಿಸಲಿಲ್ಲ. ಮಾವನ ಎದುರು ನಿಂತು, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಮುಖ ನೋಡಿ ಕೇಳಿದಳು.

"ಮಾವ, ನನ್ನ ಕೆಲಸ ಹೋಗುತ್ತೆ. ಕರ್ರಗೆ ಮಾಡಿದ್ರೆ ಕೊಡ್ತೀನಿ ಅಂದಿದ್ರಿ."

ಟೈಂಕೀಪರ್ ಹೆಂಡತಿಯ ಕಡೆ ತಿರುಗಿದರು.

"ನಾನು ಇವಳ ಹತ್ರ ಯಾವತ್ತು ಏನು ಅಂದಿದೀನಿ? ಕೇಳು. ನಿನ್ನ ಹತ್ರ ಊಟಕ್ಕೆ ಕೂತಾಗ ಏನೋ ಒಂದು ಅಂದೆ. ನೀನು ಹೋಗಿ ಊದಿದೆ. ಅದಕ್ಕೆಲ್ಲ ನಾನು ಹೊಣೆನಾ?"

ಅಲ್ಲಿದ್ದವರೆಲ್ಲರೂ ಆ ಮಾತನ್ನು ಕೇಳಿದ್ದರು, ಮಗನೂ ಕೇಳಿದ್ದ. ಅತ್ತೆ ಮಗನ ಕಡೆ ನೋಡಿದರು. ಮಗ ಹೆಂಡತಿಯ ಕಡೆ ನೋಡಿ, ತಂಗಿಗೆ ತಾನೇ, ಬಿಡು, ಹೆರಿಗೆ ಆದ ಮೇಲೆ ಬರುತ್ತೆ ಅಂದ. ಸೊಸೆ ತನ್ನ ತಟ್ಟೆ ತೆಗೆದುಕೊಂಡು ಶೆಡ್ಡಿನ ಕೋಣೆಗೆ ಹೋದಳು. ನಿಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ತಮಾಷೆ ಇನ್ನೊಂದು ಸಲ ಹೇಳಿದರೆ ನೋಡಿ ಎಂದು ಗಂಡನಿಗೆ ಆಮೇಲೆ ಅಂದದ್ದು ಗೋಡೆಯಾಚೆ ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಿತು.

ಸೋಮವಾರ ಡ್ರಮ್ಮು ತುಂಬಿಸಿಟ್ಟಿದ್ದ ಯಜಮಾನ ಏನೂ ಬೈಯಲಿಲ್ಲ. ಸ್ಕೂಟರಿನವನಿಗೆ ಹೇಳಿ ಕಳಿಸಿದ, ಅಷ್ಟೆ. ಅವನಿಗೆ ಕೆಲಸ ಬರುತ್ತಿರಲಿಲ್ಲವಾದ್ದರಿಂದ ಎರಡು ವಾರ ಇವಳೇ ಕಲಿಸಬೇಕಾಯಿತು. ಒಂದೇ ಕಡೆ ನಿಲ್ಲಿಸಬೇಡ ಎಂದು ಅವನ ಕೈ ಹಿಡಿದು ಗನ್ನು ಸಾಗಿಸಿ ತೋರಿಸಿದಳು. ಆಮೇಲೆ ಮತ್ತೆ ಚಕ್ರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಸಂಜೆ ಮನೆಗೆ ಬಂದು ಮಂಡಿಗೆ ಬಿಸಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಅತ್ತೆ ಬಟ್ಟೆ ಕಾಯಿಸಿ ತರುತ್ತಿದ್ದರು.

ಮನೆಯಲ್ಲಿ ಮಾತೇ ಕಡಿಮೆಯಾಯಿತು. ಟೈಂಕೀಪರ್ "ಹೇಳು ಅವಳಿಗೆ" ಅಂದರೆ ಅತ್ತೆ ಹೇಳುತ್ತಿದ್ದರು; ಆದರೆ ಈಗ ಪ್ರತಿ ಮಾತಿನ ಮುಂದೆ "ನಿಮ್ಮ ಮಾವ ಅಂದದ್ದು, ನಾನಲ್ಲ" ಎಂದು ಸೇರಿಸುತ್ತಿದ್ದರು. ಉಪ್ಪು ಕಡಿಮೆಯಂತೆ, ನಿಮ್ಮ ಮಾವ ಅಂದದ್ದು, ನಾನಲ್ಲ. ಟೈಂಕೀಪರಿಗೆ ಅದು ಅರ್ಥವಾಗದೆ ಇರಲಿಲ್ಲ. ಸ್ವಲ್ಪ ದಿನಕ್ಕೆ ಅವರು ಉಪ್ಪಿಲ್ಲದ್ದನ್ನು ಹಾಗೇ ತಿನ್ನತೊಡಗಿದರು. ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಕೂತು, ಅಂಗಳದಲ್ಲಿ ಕಾರು ನಿಂತಿದ್ದ ಜಾಗವನ್ನು ನೋಡುತ್ತಿದ್ದರು. ಅಲ್ಲಿ ಈಗ ಬಟ್ಟೆ ಒಣಗಿಸುವ ಹಗ್ಗ ಬಂದಿತ್ತು.

ಮಗಳಿಗೆ ಹೆಣ್ಣುಮಗು ಹುಟ್ಟಿತು. ಕಾರು ವಾಪಸ್ಸು ಬರಲಿಲ್ಲ. ಮಗು ಚಿಕ್ಕದು, ಚುಚ್ಚುಮದ್ದಿಗೆ ಹೋಗಬೇಕು ಎಂದು ಅಳಿಯ ಫೋನಿನಲ್ಲಿ ಹೇಳಿದ. ಮಗ ಒಮ್ಮೆ ಕೇಳಿದ, ಆಮೇಲೆ ಕೇಳಲಿಲ್ಲ.

ಬೇಸಿಗೆ ಏರಿದ ಮೇಲೆ ಒಂದು ಭಾನುವಾರ ಮಗಳು, ಅಳಿಯ, ಮಗು ಬಂದರು. ಕಾರು ಗೇಟಿನೊಳಗೆ ಬಂದು ನಿಂತಾಗ ಟೈಂಕೀಪರ್ ಎದ್ದು ನಿಂತರು. ಹತ್ತಿರ ಹೋಗಿ, ಕಣ್ಣು ಕಿರಿದಾಗಿಸಿ, ಬಗ್ಗಿ ನೋಡಿದರು. ಕಪ್ಪಿನ ಮೇಲೆ ಬಿಳಿ ಬಿಳಿ ಮಚ್ಚೆ, ಒಂದೆಡೆ ಸುಲಿದು ಬೂದು, ಇನ್ನೊಂದೆಡೆ ಜಿಡ್ಡು. ಬಾಗಿಲುಗಳ ಮೇಲೆ ಕಪ್ಪು ನೀರು ಇಳಿದ ಗೆರೆಗಳು. ಪೆಟ್ರೋಲ್ ಬಂಕಿನಲ್ಲಿ ಯಾರೋ ಮಿಂಚುವ ಪಾಲಿಶ್ ಹಚ್ಚಿಕೊಡ್ತೀನಿ ಅಂದ, ಹಚ್ಚಿಸಿದೆ, ದಿನವೆಲ್ಲ ಅಂಗಡಿ ಮುಂದೆ ಬಿಸಿಲಲ್ಲೇ ಇರುತ್ತಲ್ಲ, ಹೀಗಾಯಿತು ಎಂದು ಅಳಿಯ ವಿವರಿಸಿದ. ವಿವರಿಸುವಾಗಲೂ ಬಂಪರನ್ನು ತಟ್ಟಿದ.

ಸೊಸೆಗೆ ಅವತ್ತು ರಜೆ. ಬಂದವರಿಗೆ ನೀರು ಕೊಟ್ಟಳು, ಮಗುವನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ತೂಗಿ ಮಲಗಿಸಿದಳು, ಅಡುಗೆ ಬಡಿಸಿದಳು. ಕಾರಿನ ಕಡೆ ಹೋಗಲಿಲ್ಲ.

ಊಟದ ನಡುವೆ ಅಳಿಯ ಹೇಳಿದ, ಮುಂದಿನ ಭಾನುವಾರ ಕಾರು ನೋಡಲು ಗಿರಾಕಿ ಬರುತ್ತಾನೆ, ಇದನ್ನು ಕೊಟ್ಟು ಹೊಸದು ತೆಗೆದುಕೊಳ್ಳುವುದು ಅಂತ ಮಾಡಿದೀವಿ ಮಾವ, ಅಷ್ಟರೊಳಗೆ ಒಂದು ಸಲ ಕಪ್ಪು ಆಗಬೇಕು, ಒಂದು ದಿನ ನಿಂತರೂ ಸಾಕು. ಮನೆಯಲ್ಲೇ ಕೆಲಸ ಬಲ್ಲವರು ಇರುವಾಗ ಹೊರಗೆ ಯಾಕೆ ಹೋಗೋದು ಅಂತ ನಕ್ಕ.

ಟೈಂಕೀಪರರ ಕೈಯಲ್ಲಿದ್ದ ತುತ್ತು ಹಾಗೇ ಇತ್ತು. ತಮ್ಮ ಕಾರು ಮಾರಾಟಕ್ಕೆ ಬಂದದ್ದು ಅವರಿಗೇ ಗೊತ್ತಿರಲಿಲ್ಲ. ಅವರು ತುತ್ತನ್ನು ಬಾಯಿಗಿಟ್ಟು, ನಿಧಾನಕ್ಕೆ ಅಗಿದು, ನುಂಗಿದರು. ಸೊಸೆ ತಟ್ಟೆಗಳನ್ನೆತ್ತಿ, ತೊಳೆದಿಟ್ಟು, ತನ್ನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಅಳಿಯ ಜಗಲಿಯ ಮೇಲೆ ಅಡ್ಡಾದ. ಮಗಳು ಅಡುಗೆಮನೆಗೆ ಬಂದು ತಾಯಿಯ ಪಕ್ಕ ಕೂತಳು. ಈ ಕಾರು ಮಾರಿಹೋಗದಿದ್ದರೆ ಅವರ ಬಾಯಿ ತಡೆಯಕ್ಕಾಗಲ್ಲಮ್ಮ, ದಿನಾ ನಿಮ್ಮಪ್ಪ ಕೊಟ್ಟ ಡಬ್ಬ ಅಂತಾರೆ ಎಂದು ಕಣ್ಣು ಒರೆಸಿಕೊಂಡಳು. ನೀನಾದರೂ ಅತ್ತಿಗೆಗೆ ಹೇಳು ಅಂದಳು. ಅತ್ತೆ ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಎದ್ದು ಪಾತ್ರೆಗಳ ಕಡೆ ಹೋದರು.

ಮಗ ಹೋಗಿ ಹೆಂಡತಿಯನ್ನು ಕೇಳಿ ನೋಡಿದ್ದ. ಅವಳು ಮಲಗಿದ್ದಲ್ಲೇ ಗೋಡೆಯ ಕಡೆ ಮಗ್ಗುಲಾಗಿದ್ದಳು. ನನ್ನ ಕೈಲಾಗಲ್ಲಪ್ಪ ಎಂದು ಅವನು ಅಪ್ಪನ ಹತ್ತಿರ ಬಂದು ಹೇಳಿ, ಮಗುವನ್ನು ಆಡಿಸುವ ನೆಪದಲ್ಲಿ ಹೊರಗೆ ಹೋದ.

ಕೊನೆಗೆ ಟೈಂಕೀಪರೇ ಅಡುಗೆಮನೆಯ ಬಾಗಿಲಿಗೆ ಬಂದರು. ಆ ಬಾಗಿಲಿಗೆ ಅವರು ಬಂದು ನಿಂತದ್ದು ಕಡಿಮೆ. ಚೌಕಟ್ಟಿಗೆ ಕೈ ಕೊಟ್ಟು, ಹೊರಗೆ ಮಲಗಿದ್ದ ಅಳಿಯನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಮಾತಾಡಿದರು. ಗೋಡೆಯಾಚೆಗೆ ಮಾತ್ರ ಎಲ್ಲವೂ ಕೇಳಿಸುವ ಹಾಗಿತ್ತು. ಅದು ಅವರಿಗೂ ಗೊತ್ತಿತ್ತು.

"ಒಂದು ಸಲ ಮಾಡಿಕೊಡ್ಲಿ. ಹೇಳು ಅವಳಿಗೆ."

ಅತ್ತೆ ಪಾತ್ರೆ ಬೋರಲು ಹಾಕುತ್ತಿದ್ದರು.

"ಕೇಳಿಸ್ತಾ? ಕಾರು ನನ್ನ ಕೈಯಿಂದಲೂ ಹೋಯ್ತು. ಇರೋ ಒಬ್ಬಳೇ ಮಗಳು ದಿನಾ ಅನ್ನಿಸಿಕೊಳ್ಳೋದು ಬೇಡ ಅಂತ ಹೇಳ್ತಿದೀನಿ."

"ನೀವೇ ಹೋಗಿ ಹೇಳಿ. ಬಾಗಿಲು ಅಲ್ಲೇ ಇದೆ."

"ನಾನು ಹೇಗೆ ಹೇಳ್ಲಿ ಈಗ?" ಟೈಂಕೀಪರ್ ಚೌಕಟ್ಟಿನಿಂದ ಕೈ ತೆಗೆದು, ಮತ್ತೆ ಅಲ್ಲೇ ಇಟ್ಟರು. "ನೀನು ಹೋಗು. ನೀನು ಕೇಳಿದ್ರೆ ಅವಳು ಇಲ್ಲ ಅನ್ನಲ್ಲ."

ಅತ್ತೆ ಕೊನೆಯ ಪಾತ್ರೆಯನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಗಂಡನ ಕಡೆ ತಿರುಗಿದರು.

"ಗೊತ್ತು. ಅದಕ್ಕೇ ನಾನು ಕೇಳಲ್ಲ."